ಹಳೆಯ ಗುಂಡಿನಚ್ಚಿಗೆ ಹಿಡಿದ ತುಕ್ಕನ್ನು ಬಿಡಿಸುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಲ್ಲರೂ ಕಂಡ ಸಂಗತಿ. ಅದನ್ನು ತೆಗೆಯುವುದೂ ಎಲ್ಲರಿಗೂ ಗೊತ್ತಿರುವ ಕೆಲಸವೆಂದೇ ನಾವು ತಿಳಿದಿರುತ್ತೇವೆ. ಒಂದು ತುಂಡು ಪಾಲಿಶ್ ಕಾಗದ, ಐದು ನಿಮಿಷದ ತೋಳ್ಬಲ, ಇಷ್ಟಿದ್ದರೆ ಸಾಕೆಂಬುದು ಸಾಮಾನ್ಯ ನಂಬಿಕೆ. ಬಾಗಿಲಿನ ಚಿಲಕಕ್ಕೂ ಬಾವಿಯ ಗಡಗಡೆಗೂ ಅದು ಸಾಕು. ಆದರೆ ಅಳತೆಯೇ ಪ್ರಾಣವಾಗಿರುವ ಉಪಕರಣಗಳು ಕೆಲವುಂಟು. ಅವುಗಳಿಗೆ ತುಕ್ಕು ಮಾಡುವ ಹಾನಿಗಿಂತ, ತುಕ್ಕು ತೆಗೆಯಲು ಕುಳಿತವನ ಕೈ ಮಾಡುವ ಹಾನಿಯೇ ಹೆಚ್ಚು. ಅಂಥವುಗಳಲ್ಲಿ ಒಂದು, ಹಿಂದಿನ ಕಾಲದ ಕೋವಿಗಳಿಗೆ ಸೀಸದ ಗುಂಡು ಎರೆಯುತ್ತಿದ್ದ ಅಚ್ಚು. ಈ ಸಲದ ಪಾಠಕ್ಕೆ ಅದನ್ನೇ ತೆಗೆದುಕೊಳ್ಳೋಣ. ಅಚ್ಚಿಗೆ ಒಪ್ಪುವ ಕ್ರಮ ಕಾರ್ಖಾನೆಯ ಸೋದರರು ಬಳಸುವ ಡೈ, ಕ್ಯಾಲಿಪರ್, ವೈಸುಗಳಿಗೂ ಒಪ್ಪುತ್ತದೆ. ಮನೆಯ ಅಡಕತ್ತರಿಗೂ ಒಪ್ಪುತ್ತದೆ.

ಇಂಥ ಅಚ್ಚು ನಮ್ಮ ಕೈಗೆ ಬರುವುದು ಎರಡು ದಾರಿಗಳಿಂದ. ಒಂದು, ಊರಿನ ಹಳೆಯ ಮನೆಯ ಅಟ್ಟದಿಂದ. ಕೊಡಗು ಮಲೆನಾಡುಗಳ ಕಡೆ ಕೋವಿ ಇದ್ದ ಮನೆಗಳಲ್ಲಿ ಅಜ್ಜನ ಕಾಲದ ಸಾಮಾನಿನ ನಡುವೆ ಇದೂ ಉಳಿದಿರಬಹುದು. ಇನ್ನೊಂದು, ಮುಂಬಯಿಯ ಚೋರ್ ಬಜಾರು, ಹೈದರಾಬಾದಿನ ಜುಮ್ಮೇರಾತ್ ಬಜಾರುಗಳಂಥ ಹಳೆಯ ಸಾಮಾನಿನ ಪೇಟೆಗಳಿಂದ. ಯಾವ ದಾರಿಯಿಂದ ಬಂದರೂ ಅದರ ಮೈತುಂಬ ತುಕ್ಕು ಇರುವುದು ಸಹಜ.

ಅಚ್ಚಿನ ಪರಿಚಯ

ಗುಂಡಿನಚ್ಚು ನೋಡುವುದಕ್ಕೆ ಇಕ್ಕಳದಂತೆ ಇರುತ್ತದೆ. ಎರಡು ಹಿಡಿಗಳು, ನಡುವೆ ಒಂದು ತಿರುಗಣೆ, ಮುಂಭಾಗದಲ್ಲಿ ಎರಡು ದಪ್ಪ ದವಡೆಗಳು. ಒಂದೊಂದು ದವಡೆಯಲ್ಲೂ ಅರ್ಧ ಗೋಲಾಕಾರದ ಗುಳಿ. ಹಿಡಿಗಳನ್ನು ಒತ್ತಿದರೆ ಎರಡು ಅರ್ಧಗಳು ಕೂಡಿ ಪೂರ್ಣ ಗೋಲವಾಗುತ್ತವೆ. ಮೇಲಿನ ಸಣ್ಣ ತೂತಿನಿಂದ ಕರಗಿದ ಸೀಸವನ್ನು ಹುಯ್ಯುತ್ತಿದ್ದರು. ಸೀಸ ಕರಗುವುದು ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕಬ್ಬಿಣ ಕರಗಲು ೧೫೦೦ ಡಿಗ್ರಿಗೂ ಮೇಲೆ ಕಾವು ಬೇಕು. ಆದುದರಿಂದ ಕಬ್ಬಿಣದ ಅಚ್ಚಿನಲ್ಲಿ ಎಷ್ಟು ಸಲ ಸೀಸ ಹುಯ್ದರೂ ಅಚ್ಚಿಗೆ ಏನೂ ಆಗುತ್ತಿರಲಿಲ್ಲ. ಹಿತ್ತಾಳೆಯ ಅಚ್ಚುಗಳೂ ಬಳಪದ ಕಲ್ಲಿನಲ್ಲಿ ಕೊರೆದ ಅಚ್ಚುಗಳೂ ಇದ್ದುವು. ಅವುಗಳಿಗೆ ತುಕ್ಕಿನ ಭಯವಿಲ್ಲ.

ಬಾಯಿಂದ ಮದ್ದು ತುಂಬುವ ಕೋವಿಗಳ ಕಾಲದಲ್ಲಿ ಒಂದು ಕೋವಿಯ ನಳಿಗೆಯಂತೆ ಇನ್ನೊಂದರದು ಇರುತ್ತಿರಲಿಲ್ಲ. ಆದುದರಿಂದ ಕೋವಿಯ ಜೊತೆಗೆ ಅದರ ಅಳತೆಯ ಅಚ್ಚನ್ನೂ ಕೊಡುವ ವಾಡಿಕೆ ಇತ್ತು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದಿನಿಂದ ತೋಟಾ ತುಂಬುವ ಕೋವಿಗಳು ಹರಡಿದ ಮೇಲೆ ಈ ಅಚ್ಚುಗಳು ಮೂಲೆಗೆ ಸೇರಿದುವು.

ಈ ಕೋವಿಗಳ ಅಳತೆಯನ್ನು ಹೇಳುವ ಕ್ರಮ ವಿನೋದವಾಗಿದೆ. ಒಂದು ಪೌಂಡು ಸೀಸದಿಂದ ಸಮನಾದ ಎಷ್ಟು ಗುಂಡುಗಳಾಗುತ್ತವೆಯೋ ಅದೇ ನಳಿಗೆಯ ಅಂಕಿ. ಹನ್ನೆರಡು ಗುಂಡುಗಳಾದರೆ ೧೨ರ ಬೋರು. ಹದಿನಾರಾದರೆ ೧೬ರ ಬೋರು. ಅಂಕಿ ಹೆಚ್ಚಿದಷ್ಟೂ ಗುಂಡು ಸಣ್ಣದು. ೧೨ರ ಗುಂಡಿನ ಅಡ್ಡಳತೆ ಸುಮಾರು ೧೮.೫ ಮಿಲಿಮೀಟರ್, ೧೩ರದು ಸುಮಾರು ೧೮ ಮಿಲಿಮೀಟರ್. ನಡುವಿನ ಅಂತರ ಅರ್ಧ ಮಿಲಿಮೀಟರ್ ಮಾತ್ರ. ಈಗ ಒಬ್ಬನು ೧೩ರ ಅಚ್ಚಿನ ಗುಳಿಯನ್ನು ಒರಟು ಕಾಗದದಿಂದ ಉಜ್ಜಿ ಸುತ್ತಲೂ ಕಾಲು ಮಿಲಿಮೀಟರ್ ಸವೆಸಿದನೆನ್ನಿ. ಸುತ್ತಲೂ ಕಾಲಾದರೆ ಅಡ್ಡಳತೆಯಲ್ಲಿ ಅರ್ಧವಾಯಿತು. ೧೩ರ ಅಚ್ಚು ೧೨ರ ಅಚ್ಚಾಯಿತು. ಅಂದರೆ ಆ ಅಚ್ಚು ತಾನು ಯಾವ ಕೋವಿಯ ಜೊತೆಯದೆಂದು ಹೇಳುವ ಶಕ್ತಿಯನ್ನೇ ಕಳೆದುಕೊಂಡಿತು. ದವಡೆಗಳು ಕೂಡುವ ಚಪ್ಪಟೆ ಮುಖಗಳನ್ನು ಉಜ್ಜಿದರೆ ಇನ್ನೊಂದು ಕೇಡು: ಗೋಲವು ಒಂದು ಕಡೆ ಕುಗ್ಗಿ ಮೊಟ್ಟೆಯಾಕಾರವಾಗುತ್ತದೆ. ಸವೆದ ಕಬ್ಬಿಣವನ್ನು ಮತ್ತೆ ತುಂಬುವ ಉಪಾಯವಿಲ್ಲ.

ಆದುದರಿಂದ ಈ ಪಾಠದ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತುಕ್ಕನ್ನು ತೆಗೆಯಬೇಕು, ಕಬ್ಬಿಣವನ್ನು ತೆಗೆಯಬಾರದು. ಮುಂದೆ ಹೇಳುವ ಒಂದೊಂದು ಬಗೆಯನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ತುಕ್ಕೆಂದರೇನು?

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಸೇರಿದಾಗ ಆಗುವ ಹೊಸ ಪದಾರ್ಥವೇ ತುಕ್ಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಹುಟ್ಟುವುದಿಲ್ಲ. ಇದನ್ನು ಎರಡು ಮೊಳೆಗಳಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಮೊಳೆಯನ್ನು ತಣ್ಣೀರಿನ ಸೀಸೆಯಲ್ಲಿ ಹಾಕಿ ಬಾಯಿ ತೆರೆದಿಡಿ. ಇನ್ನೊಂದು ಸೀಸೆಯಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ನೀರು ಹಾಕಿ, ಮೊಳೆ ಮುಳುಗಿಸಿ, ಮೇಲೆ ಎಣ್ಣೆಯ ಪದರ ಬಿಡಿ. ಕುದಿಸಿದಾಗ ನೀರಿನಲ್ಲಿ ಬೆರೆತಿದ್ದ ಗಾಳಿ ಹೋಗುತ್ತದೆ. ಎಣ್ಣೆಯು ಹೊಸ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಒಂದು ವಾರ ಕಳೆದು ನೋಡಿದರೆ ಮೊದಲನೆಯದು ಕೆಂಪಾಗಿರುತ್ತದೆ. ಎರಡನೆಯದು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ.

ನೀರಿನಲ್ಲಿ ಉಪ್ಪು ಇದ್ದರೆ ಈ ಕ್ರಿಯೆಯ ವೇಗ ಹೆಚ್ಚುತ್ತದೆ. ಮುಂಬಯಿ ಮದರಾಸುಗಳಲ್ಲಿ ಕಬ್ಬಿಣದ ಸಾಮಾನು ಬೇಗ ಕೆಡುವುದಕ್ಕೆ ಸಮುದ್ರದ ಗಾಳಿಯ ಉಪ್ಪೇ ಕಾರಣ. ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ಆ ಕಾಟ ಕಡಮೆ. ಆದರೆ ಮಳೆಗಾಲದ ತೇವವೂ ದಿಲ್ಲಿಯ ಚಳಿಗಾಲದ ಮಂಜೂ ಸಾಕಷ್ಟು ಕೆಲಸ ಮಾಡುತ್ತವೆ.

ಹಿತ್ತಾಳೆಗೆ ಬರುವ ಕಿಲುಬು ಹೆಚ್ಚಾಗಿ ಮೈಗಂಟಿಕೊಂಡು ನಿಲ್ಲುತ್ತದೆ. ಕೆಂಪು ತುಕ್ಕು ಹಾಗಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿದು ಉಬ್ಬುತ್ತದೆ, ಪುಡಿಯಾಗಿ ಉದುರುತ್ತದೆ, ಸ್ಪಂಜಿನಂತೆ ತೇವ ಹೀರಿ ಅಡಿಯ ಕಬ್ಬಿಣಕ್ಕೆ ಒದಗಿಸುತ್ತದೆ. ಅಚ್ಚಿನ ತಿರುಗಣೆ ಕಚ್ಚಿಕೊಳ್ಳುವುದು ಈ ಉಬ್ಬುವಿಕೆಯಿಂದಲೇ.

ತುಕ್ಕಿನ ಪದರವೆಲ್ಲವೂ ಶತ್ರುವಲ್ಲ ಎಂಬುದನ್ನೂ ತಿಳಿದಿರಬೇಕು. ದಿಲ್ಲಿಯ ಮೆಹರೌಲಿಯಲ್ಲಿರುವ ಕಬ್ಬಿಣದ ಸ್ತಂಭವನ್ನು ಅಲ್ಲಿಯ ಕನ್ನಡಿಗರೆಲ್ಲ ನೋಡಿದ್ದೀರಿ. ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಭಾರ, ಸುಮಾರು ೧೬೦೦ ವರ್ಷಗಳ ವಯಸ್ಸು. ಅದು ಉಳಿದುಬಂದುದೇಕೆಂಬುದನ್ನು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರವಾಗಿ ಶೋಧಿಸಿದರು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರ ದೆಸೆಯಿಂದ ಮೈಮೇಲೆ ತೆಳುವಾದ ಬಿಗಿಯಾದ ಪೊರೆಯೊಂದು ಬೆಳೆದು ಒಳಗಿನ ಕಬ್ಬಿಣವನ್ನು ಕಾಯುತ್ತಿದೆ. ನಮ್ಮ ಅಚ್ಚಿನ ಕಬ್ಬಿಣಕ್ಕೆ ಅಂಥ ಗುಣವಿಲ್ಲ. ಆದರೂ ಅದರ ಮೇಲಿನ ಗಟ್ಟಿಯಾದ ಕಪ್ಪು ಕಂದು ಪದರವು ಅಡಿಯ ಕಬ್ಬಿಣಕ್ಕೆ ಸ್ವಲ್ಪ ಮಟ್ಟಿಗೆ ಮರೆಯಾಗಿರುತ್ತದೆ. ಅದನ್ನು ಕೆರೆದು ಬೆಳ್ಳಿಯಂತೆ ಹೊಳೆಯಿಸಿದರೆ ಬರಿಯ ಕಬ್ಬಿಣ ಗಾಳಿಗೆ ಬಿದ್ದು ಮತ್ತೆ ಬೇಗ ಕೆಡುತ್ತದೆ.

ಮೊದಲು ಪರೀಕ್ಷೆ

ಅಚ್ಚು ಕೈಗೆ ಬಂದೊಡನೆ ಉಜ್ಜಲು ತೊಡಗಬಾರದು. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ ಅಥವಾ ಉಕ್ಕು. ಅಂಟದಿದ್ದರೆ ಹಿತ್ತಾಳೆ, ಅದಕ್ಕೆ ಈ ಪಾಠ ಬೇಡ. ಆ ಬಳಿಕ ಎಣ್ಣೆ ತೊಡೆದ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರಸಿ. ಬಟ್ಟೆಗೆ ಕಿತ್ತಳೆ ಬಣ್ಣದ ಪುಡಿ ಹತ್ತಿದರೆ ತುಕ್ಕು ಇನ್ನೂ ಜೀವಂತವಾಗಿದೆ, ತೆಗೆಯಲೇಬೇಕು. ಕಪ್ಪಾಗಿ ನುಣುಪಾಗಿದ್ದು ಏನೂ ಹತ್ತದಿದ್ದರೆ ಆ ಭಾಗವನ್ನು ಮುಟ್ಟದಿರುವುದೇ ಲೇಸು. ದವಡೆಯ ಮೇಲೋ ಹಿಡಿಯ ಮೇಲೋ ಅಂಕಿ ಅಥವಾ ಅಕ್ಷರ ಕೊರೆದಿದೆಯೇ ಎಂದು ಭೂತಗನ್ನಡಿಯಿಂದ ನೋಡಿ ಬರೆದಿಟ್ಟುಕೊಳ್ಳಿ. ಅಚ್ಚಿನ ಕುಲಗೋತ್ರ ತಿಳಿಯುವುದು ಆ ಗುರುತಿನಿಂದಲೇ.

ಸೀಸದ ವಿಷಯದಲ್ಲಿ ಎಚ್ಚರಿಕೆ

ಮುಂದೆ ಹೋಗುವ ಮೊದಲು ಇದನ್ನು ಗಮನವಿಟ್ಟು ಓದಿರಿ. ಗುಳಿಯಲ್ಲೂ ಮೇಲಿನ ತೂತಿನಲ್ಲೂ ಹಳೆಯ ಸೀಸದ ಚೂರು ಅಂಟಿರಬಹುದು. ಬೂದು ಬಣ್ಣದ್ದು, ಉಗುರಿಗೂ ಗೀರು ಬೀಳುವಷ್ಟು ಮೆದು. ಅದರ ಮೇಲೆ ಬಿಳಿಯ ಪುಡಿ ಇದ್ದರೆ ಅದೂ ಸೀಸದ್ದೇ. ಸೀಸ ವಿಷ. ಅದರ ಧೂಳು ಉಸಿರಿನಲ್ಲಾಗಲಿ ಕೈಯಿಂದ ಬಾಯಿಗಾಗಲಿ ಹೋಗಬಾರದು. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅದು ಕುಂದಿಸುತ್ತದೆ. ಇಷ್ಟು ಹೋದರೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮಲ್ಲಿ ಬಹುಮಂದಿ ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರು. ಅಡಿಗೆಯೂ ಅಲ್ಲೇ, ಮಕ್ಕಳ ಹಾಸಿಗೆಯೂ ಅಲ್ಲೇ. ಅಂಥಲ್ಲಿ ಕುಳಿತು ಅಚ್ಚನ್ನು ಒಣಗಿದಂತೆಯೇ ಉಜ್ಜಿದರೆ ಎದ್ದ ಧೂಳು ಅನ್ನದ ಪಾತ್ರೆಯ ಮೇಲೆಯೇ ಕೂರುತ್ತದೆ. ಆದುದರಿಂದ ಕೆಲಸ ಹೊರಗೆ ಮಾಡಬೇಕು. ಹಳೆಯ ವೃತ್ತಪತ್ರಿಕೆ ಹಾಸಿ, ಕೈಗೆ ರಬ್ಬರಿನ ಚೀಲ ತೊಟ್ಟು, ಅಚ್ಚನ್ನು ಸದಾ ಎಣ್ಣೆಯಿಂದ ತೊಯಿಸಿಟ್ಟೇ ಉಜ್ಜಬೇಕು. ತೊಯ್ದಿದ್ದರೆ ಧೂಳು ಏಳುವುದಿಲ್ಲ. ಅಡಿಗೆಯ ಪಾತ್ರೆ, ಚಮಚ, ಒಲೆ ಯಾವುದನ್ನೂ ಈ ಕೆಲಸಕ್ಕೆ ಬಳಸಬಾರದು. ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದು, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಇದು ಅತಿಯಾದ ಮಡಿಯಲ್ಲ. ಮನೆಯ ಮಗುವಿನ ಹಿತದ ಮಾತು.

ಮೊದಲನೆಯ ಬಗೆ: ಎಣ್ಣೆ ಮತ್ತು ಸಾವಧಾನ

ಎಲ್ಲಕ್ಕೂ ಮೊದಲು ಮಾಡತಕ್ಕದ್ದು ಇದು. ಅನೇಕ ವೇಳೆ ಇದೊಂದೇ ಸಾಕಾಗುತ್ತದೆ. ಡಬ್ಬಿಯೊಂದರಲ್ಲಿ ಅಚ್ಚು ಮುಳುಗುವಷ್ಟು ಸೀಮೆಎಣ್ಣೆ ಹಾಕಿ ಎರಡು ಮೂರು ದಿನ ನೆನೆಯಿಡಿ. ಸೀಮೆಎಣ್ಣೆ ಸಿಕ್ಕದ ಕಡೆ ಹೊಲಿಗೆ ಯಂತ್ರದ ತೆಳುವಾದ ಎಣ್ಣೆಯೂ ಆದೀತು. ಎಣ್ಣೆಯು ತುಕ್ಕಿನ ಸಂದುಗಳಲ್ಲಿ ಇಳಿದು ಅದರ ಹಿಡಿತವನ್ನು ಸಡಿಲಿಸುತ್ತದೆ. ಬೆಂಕಿಯಿಂದ ದೂರವಿರಲಿ ಎಂದು ಬೇರೆ ಹೇಳಬೇಕಾಗಿಲ್ಲ.

ತಿರುಗಣೆ ಕಚ್ಚಿಕೊಂಡಿದ್ದರೆ ಹಿಡಿಗಳನ್ನು ಬಲವಂತವಾಗಿ ಅಗಲಿಸಬಾರದು. ನೂರು ವರ್ಷದ ಆಣಿ ಮುರಿದರೆ ಅದೇ ತೆರನಾದ ಇನ್ನೊಂದು ಸಿಕ್ಕುವುದು ಕಷ್ಟ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಕೂದಲೆಳೆಯಷ್ಟು ಅಲುಗಿಸಿ, ಮತ್ತೆ ಎಣ್ಣೆ ಬಿಟ್ಟು, ಮರುದಿನ ಪುನಃ ಅಲುಗಿಸಬೇಕು. ಬೇಗ ಬಿಡಲೆಂದು ಕೆಂಡದಲ್ಲಿ ಕಾಯಿಸುವವರೂ ಉಂಟು. ಅದರಿಂದ ದವಡೆ ಸೊಟ್ಟಗಾಗಿ ಮತ್ತೆಂದೂ ಸರಿಯಾಗಿ ಕೂಡುವುದಿಲ್ಲ. ಒಳಗೆ ಸೀಸ ಉಳಿದಿದ್ದರೆ ಆ ಕಾವಿಗೆ ಅದರ ಹೊಗೆಯೂ ಎದ್ದೀತು.

ಬಾಯಿ ತೆರೆದ ಮೇಲೆ ಉಜ್ಜುವ ಕೆಲಸ. ಇಲ್ಲಿಯ ನಿಯಮ ಸುಲಭ: ಕಬ್ಬಿಣಕ್ಕಿಂತ ಮೆದು ಆಗಿರುವ ವಸ್ತುವಿನಿಂದ ಉಜ್ಜಬೇಕು. ಗುಳಿಗೆ ಬಿದಿರಿನ ಕಡ್ಡಿಯ ತುದಿಯನ್ನು ದುಂಡಗೆ ಕೆತ್ತಿ ಎಣ್ಣೆಯಲ್ಲದ್ದಿ ತಿರುಗಿಸಿ. ಚಪ್ಪಟೆ ಮುಖಗಳಿಗೆ ಹಿತ್ತಾಳೆಯ ತಂತಿಯ ಬ್ರಷ್ ಒಳ್ಳೆಯದು. ಗಟ್ಟಿಯಾದ ಚಕ್ಕೆಯನ್ನು ತಾಮ್ರದ ತುಂಡಿನ ಅಂಚಿನಿಂದ ಎಬ್ಬಿಸಬಹುದು. ಹಿಡಿಗಳ ಮೇಲೆ ಮಾತ್ರ ಅತಿ ಸಣ್ಣ ಎಳೆಯ ಉಕ್ಕಿನ ನಾರನ್ನು ಎಣ್ಣೆಯೊಡನೆ ಬಳಸಬಹುದು. ಅರ, ಎಮರಿ ಕಾಗದ, ಯಂತ್ರದಿಂದ ತಿರುಗುವ ತಂತಿಯ ಚಕ್ರ, ಇವು ಮೂರೂ ಗುಳಿಯ ಬಳಿಗೆ ಸುಳಿಯಕೂಡದು. ಅವುಗಳಿಗೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ವಿವೇಕವಿಲ್ಲ.

ಎರಡನೆಯ ಬಗೆ: ಹುಳಿ

ಹುಣಿಸೆಹಣ್ಣಿನಿಂದ ಹಿತ್ತಾಳೆಯ ಪಾತ್ರೆ ಬೆಳಗುವುದನ್ನು ಕಂಡ ನಮಗೆ ಹುಳಿಯ ನೆನಪು ಬರುವುದು ಸಹಜ. ವಿನಿಗರ್, ನಿಂಬೆರಸ, ಹುಣಿಸೆನೀರು ಎಲ್ಲವೂ ತುಕ್ಕನ್ನು ಕರಗಿಸುತ್ತವೆ, ನಿಜ. ಆದರೆ ಹುಳಿಯು ತುಕ್ಕು ಮುಗಿದಲ್ಲಿಗೆ ನಿಲ್ಲುವುದಿಲ್ಲ. ಅಡಿಯ ಕಬ್ಬಿಣವನ್ನೂ ತಿನ್ನಲು ತೊಡಗುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ಮರೆತರೆ ಮೈ ಬೂದಾಗಿ ಒರಟಾಗಿರುತ್ತದೆ. ನಮ್ಮ ಒರೆಗಲ್ಲಿನಲ್ಲಿ ಇದು ಅರ್ಧ ಮಾತ್ರ ಗೆದ್ದಂತೆ.

ಗುಂಡಿನಚ್ಚಿಗೆ ಇದು ಬೇಡವೆನ್ನಲು ಇನ್ನೂ ದೊಡ್ಡ ಕಾರಣವುಂಟು. ವಿನಿಗರ್ ಸೀಸದೊಡನೆ ಕೂಡಿದರೆ ನೀರಿನಲ್ಲಿ ಸುಲಭವಾಗಿ ಕರಗುವ ವಿಷಲವಣವಾಗುತ್ತದೆ. ಅದರ ರುಚಿ ಸಿಹಿಯಾದ್ದರಿಂದ ಹಿಂದೆ ಅದಕ್ಕೆ ಸೀಸದ ಸಕ್ಕರೆ ಎಂಬ ಹೆಸರೇ ಇತ್ತು. ಅಂಥ ನೀರನ್ನು ಮನೆಯಲ್ಲಿ ತಯಾರಿಸಿಟ್ಟುಕೊಳ್ಳುವುದು ಯಾರಿಗೂ ಬೇಡ. ಸೀಸದ ಸೋಂಕಿಲ್ಲದ ಬೇರೆ ಸಾಮಾನಿಗೆ ಹುಳಿ ಬಳಸುವುದಾದರೆ ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ, ಕೊನೆಗೆ ಅಡಿಗೆ ಸೋಡ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು.

ಪಾಯಿಖಾನೆ ತೊಳೆಯುವ ಆಸಿಡ್ಡಿನ ಮಾತನ್ನೇ ಎತ್ತಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಅಚ್ಚನ್ನು ಕೊರೆಯುವುದಲ್ಲದೆ, ಅದರ ಹಬೆ ಪಕ್ಕದ ಪೆಟ್ಟಿಗೆಯಲ್ಲಿರುವ ಒಳ್ಳೆಯ ಹತಾರಗಳಿಗೂ ತುಕ್ಕು ತರಿಸುತ್ತದೆ.

ಮೂರನೆಯ ಬಗೆ: ವಿದ್ಯುತ್ತು

ಎಣ್ಣೆಗೆ ಬಗ್ಗದ ತುಕ್ಕಿಗೆ ಒರೆಗಲ್ಲಿನಲ್ಲಿ ಪೂರ್ತಿ ಗೆಲ್ಲುವ ಉಪಾಯ ಇದು. ಪ್ಲಾಸ್ಟಿಕ್ಕಿನ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಬಟ್ಟೆ ಒಗೆಯುವ ಸೋಡ ಕರಗಿಸಬೇಕು. ಒಂದು ಕಡೆ ಕೆಲಸಕ್ಕೆ ಬಾರದ ಕಬ್ಬಿಣದ ತಗಡನ್ನೂ, ಇನ್ನೊಂದು ಕಡೆ ಬಾಯಿ ತೆರೆದ ಅಚ್ಚನ್ನೂ, ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ಮೋಟಾರಿನ ಬ್ಯಾಟರಿ ಚಾರ್ಜ್ ಮಾಡುವ ೧೨ ವೋಲ್ಟಿನ ಯಂತ್ರದ ಋಣ ತಂತಿಯನ್ನು ಅಚ್ಚಿಗೆ, ಧನ ತಂತಿಯನ್ನು ತಗಡಿಗೆ ಸೇರಿಸಬೇಕು. ಇದು ಅದಲುಬದಲಾದರೆ ಅಚ್ಚೇ ಕರಗತೊಡಗುತ್ತದೆ. ಎರಡು ಸಲ ನೋಡಿ ಜೋಡಿಸಿ. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾದ ಕಪ್ಪು ಪದರವಾಗಿ ಮಾರ್ಪಡುತ್ತದೆ. ಒಳ್ಳೆಯ ಕಬ್ಬಿಣ ಮಾತ್ರ ಹಾಗೆಯೇ ಉಳಿಯುತ್ತದೆ. ತಗಡಿಗೆ ಎದುರಾಗಿರುವ ಭಾಗದಲ್ಲೇ ಕೆಲಸ ಚೆನ್ನಾಗಿ ನಡೆಯುವುದರಿಂದ ಗುಳಿಗಳು ತಗಡಿನ ಕಡೆ ಮುಖ ಮಾಡಿರಲಿ, ನಡುನಡುವೆ ತಿರುಗಿಸುತ್ತಿರಿ.

ಇಲ್ಲಿ ಕೆಲವು ನಿಷೇಧಗಳಿವೆ. ಗೋಡೆಯ ವಿದ್ಯುತ್ತನ್ನು ನೇರವಾಗಿ ಕೊಡುವುದು ಸಾವಿಗೆ ದಾರಿ. ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿರಬೇಕು. ಕ್ರಿಯೆಯಲ್ಲಿ ಏಳುವ ಜಲಜನಕ ಹತ್ತಿಕೊಳ್ಳುವ ಅನಿಲ. ಆದುದರಿಂದ ಬಯಲಿನಲ್ಲಿ ಮಾಡಿ, ಬೀಡಿ ಬೆಂಕಿ ಹತ್ತಿರ ಬರಗೊಡಬೇಡಿ. ತಗಡಿಗೆ ಬದಲಾಗಿ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ಲೋಟ ಬಳಸಬೇಡಿ. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಸೋಡಕ್ಕೆ ಬದಲಾಗಿ ಉಪ್ಪು ಹಾಕಬೇಡಿ; ಕ್ಲೋರಿನ್ ಎಂಬ ಕೆಟ್ಟ ಅನಿಲ ಏಳುತ್ತದೆ. ಹಿಡಿಗೆ ಮರದ ತೊಡಿಕೆ ಇದ್ದರೆ ಮೊದಲೇ ಬಿಚ್ಚಿಡಬೇಕು. ವಿದ್ಯುತ್ತಿನ ಕೆಲಸ ಬಲ್ಲವರ ಸಹಾಯವಿಲ್ಲದೆ ಇದಕ್ಕೆ ಕೈ ಹಾಕದಿರುವುದು ಉತ್ತಮ.

ಒಣಗಿಸುವುದೂ ಕಾಪಾಡುವುದೂ

ನೀರಿನಿಂದ ತೆಗೆದ ಅಚ್ಚಿಗೆ ನೋಡನೋಡುತ್ತಿದ್ದಂತೆಯೇ ಹೊಸ ತುಕ್ಕು ಹಿಡಿಯುತ್ತದೆ. ಇಲ್ಲಿ ಸೋಮಾರಿತನ ಸಲ್ಲದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರಿನೊಳಗೇ ಕಪ್ಪು ಪುಡಿಯನ್ನು ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ. ಬಿಸಿಯಾದ ಕಬ್ಬಿಣದ ಮೇಲಿನ ನೀರು ತಾನೇ ಬೇಗ ಆರುತ್ತದೆ. ಬಟ್ಟೆಯಿಂದ ಒತ್ತಿ, ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲಿಟ್ಟು, ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು. ಎಣ್ಣೆ ಹೊಲಿಗೆ ಯಂತ್ರದ್ದಾಗಿರಲಿ. ಕೊಬ್ಬರಿ, ಕಡಲೆ, ಎಳ್ಳೆಣ್ಣೆಗಳು ಕಾಲಕ್ರಮದಲ್ಲಿ ಕೆಟ್ಟು ಜಿಗುಟಾಗಿ ಧೂಳು ಹಿಡಿಯುತ್ತವೆ.

ತುಕ್ಕು ಹೋದಲ್ಲಿ ಸಣ್ಣ ಕುಳಿಗಳು ಕಾಣಬಹುದು. ಅದು ತುಕ್ಕು ಆಗಲೇ ತಿಂದು ಹೋದ ಜಾಗ. ಅದನ್ನು ಸಮ ಮಾಡಲು ಸುತ್ತಲಿನ ಒಳ್ಳೆಯ ಕಬ್ಬಿಣವನ್ನು ಕೆರೆಯಬೇಡಿ. ವಯಸ್ಸಾದವರ ಮುಖದ ಸುಕ್ಕಿನಂತೆ ಅದು ಇದ್ದರೆ ತಪ್ಪೇನು?

ಇಡುವುದಕ್ಕೆ ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿ ಒಳ್ಳೆಯದು. ಎಣ್ಣೆ ಕಾಗದದಲ್ಲಿ ಸುತ್ತಿ, ಔಷಧಿಯ ಸೀಸೆಗಳಲ್ಲಿ ಬರುವ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳನ್ನು ಜೊತೆಗಿಡಿ. ಚರ್ಮದ ಚೀಲ ಬೇಡ. ಅದು ತೇವ ಹೀರುವುದಲ್ಲದೆ, ಹದ ಮಾಡುವಾಗ ಸೇರಿದ ದ್ರವ್ಯಗಳಿಂದಲೂ ಕಬ್ಬಿಣವನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿರಿ. ಆಯುಧಪೂಜೆಯ ದಿನವೂ ಕೊಡಗಿನವರ ಕೈಲ್ ಮುಹೂರ್ತದ ದಿನವೂ ಹತಾರಗಳಿಗೆ ಹೂವು, ಕುಂಕುಮ, ಗಂಧ ಏರಿಸುತ್ತೇವೆ. ಪೂಜೆ ಮುಗಿದ ಮೇಲೆ ಆ ತೇವವನ್ನು ಒರಸಿ ಎಣ್ಣೆ ಹಚ್ಚುವುದೂ ಪೂಜೆಯ ಭಾಗವೆಂದೇ ಭಾವಿಸಬೇಕು.

ಕಾನೂನಿನ ಒಂದು ಮಾತು

೧೯೫೯ರ ಆಯುಧಗಳ ಕಾಯಿದೆಯಲ್ಲಿ ಮದ್ದುಗುಂಡು ಎಂಬ ಮಾತಿನ ಅರ್ಥದೊಳಗೆ ಅದನ್ನು ತಯಾರಿಸುವ ಯಂತ್ರಸಾಧನಗಳನ್ನೂ ಸೇರಿಸಿದೆ. ಪರವಾನೆ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನಾವು ಇಲ್ಲಿ ಹೇಳಿದುದು ಹಿರಿಯರ ವಸ್ತುವನ್ನು ಕಾಪಾಡುವುದಕ್ಕೆ, ಅದರಲ್ಲಿ ಮತ್ತೆ ಗುಂಡು ಎರೆಯುವುದಕ್ಕಲ್ಲ. ಇಂಥ ಅಚ್ಚನ್ನು ಊರಿನಿಂದ ತರುವ ಮೊದಲು ಅಥವಾ ಪೇಟೆಯಲ್ಲಿ ಕೊಳ್ಳುವ ಮೊದಲು ಪೋಲೀಸು ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ನೆನಪಿನಲ್ಲಿಡತಕ್ಕ ಅಂಶಗಳು

೧. ಮೊದಲು ನೋಡಿ, ಆಮೇಲೆ ಮುಟ್ಟಿ. ಗಟ್ಟಿಯಾದ ಕಪ್ಪು ಪದರವನ್ನು ಬಿಡಿ. ಪುಡಿಯಾಗುವ ಕೆಂಪನ್ನು ತೆಗೆಯಿರಿ.

೨. ಒಣಗಿದ್ದಾಗ ಉಜ್ಜಬೇಡಿ, ಸೀಸದ ಧೂಳು ಮಕ್ಕಳಿಗೆ ವಿಷ.

೩. ಕಬ್ಬಿಣಕ್ಕಿಂತ ಮೆದುವಾದುದರಿಂದಲೇ ಗುಳಿಯನ್ನು ಉಜ್ಜಿರಿ.

೪. ಎಣ್ಣೆಗೆ ಸಮಯ ಕೊಡಿ. ಎರಡು ಗಂಟೆಯ ಬಲಕ್ಕಿಂತ ಎರಡು ದಿನದ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

೫. ತೊಳೆದೊಡನೆ ಒಣಗಿಸಿ, ಒಣಗಿದೊಡನೆ ಎಣ್ಣೆ ಸವರಿ.

ಅಭ್ಯಾಸಕ್ಕೆ: ಮನೆಯಲ್ಲಿ ತುಕ್ಕು ಹಿಡಿದ ಒಂದು ಅಡಕತ್ತರಿಯನ್ನೋ ಹಳೆಯ ಬೀಗವನ್ನೋ ಆರಿಸಿಕೊಂಡು ಎಣ್ಣೆಯ ಬಗೆಯೊಂದರಿಂದಲೇ ಬಿಡಿಸಿ ನೋಡಿರಿ. ಅದರಲ್ಲಿ ಕೈ ಪಳಗಿದ ಬಳಿಕವೇ ಅಜ್ಜನ ಕಾಲದ ಅಚ್ಚನ್ನು ಮುಟ್ಟಿರಿ.